ತಂದೆಯ ಹೆಸರಿನಲ್ಲಿ ಹರಿದಾಡುತ್ತಿರುವ ಬರಹ ಅವರದೇ ಎಂದು ಶೈಲಿಯಿಂದ ತಿಳಿಯಬಹುದೇ?

ಪ್ರಶ್ನೆ | ನಾಲೆದಂಡೆ, ಮಂಡ್ಯ

ಮಾನ್ಯರೇ,

ನನ್ನ ತಂದೆ ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿತು, ಸುಮಾರು ಆರು ವರ್ಷಗಳ ಕಾಲ ಫೇಸ್‌ಬುಕ್‌ನಲ್ಲಿಯೂ ಊರಿನ ವಾಟ್ಸಾಪ್ ಗುಂಪಿನಲ್ಲಿಯೂ ವಿಶ್ವೇಶ್ವರಯ್ಯ ನಾಲೆ, ನೀರಗಂಟಿಗಳ (ನಾಲೆಯ ನೀರು ಹಂಚುವವರ) ಕೆಲಸ, ಕಟ್ಟು ಪದ್ಧತಿ (ಜಮೀನನ್ನು ಕಟ್ಟುಗಳಾಗಿ ವಿಂಗಡಿಸಿ ನೀರು ಕೊಡುವ ಕ್ರಮ), ಹಳೆಯ ಭತ್ತದ ತಳಿಗಳು, ಇವುಗಳ ಬಗ್ಗೆ ಬರೆಯುತ್ತಿದ್ದರು. ಪ್ರತಿ ಬರಹದ ಕೊನೆಗೂ "ನೀರು ಕಂಡವರಿಗೆಲ್ಲ ನಮಸ್ಕಾರ" ಎಂದು ಬರೆದು ಹೆಸರು ಹಾಕುವುದು ಅವರ ರೂಢಿಯಾಗಿತ್ತು.

ಕಳೆದ ವರ್ಷ ಅವರು ತೀರಿಕೊಂಡರು. ಈಗ ಎರಡು ತಿಂಗಳಿಂದ ಅವರ ಹೆಸರಿನಲ್ಲಿ ಒಂಬತ್ತು ಪ್ಯಾರಾಗಳ ಬರಹವೊಂದು ಗುಂಪಿನಿಂದ ಗುಂಪಿಗೆ ಹೋಗುತ್ತಿದೆ. ಮೊದಲ ಏಳು ಪ್ಯಾರಾ ನಾಲೆಯ ಹಳೆಯ ಕಥೆ. ಓದಿದರೆ ಅಪ್ಪನ ದನಿಯೇ ಕೇಳಿಸುತ್ತದೆ. ಕೊನೆಯ ಎರಡರಲ್ಲಿ, ನಾಲೆಯ ಕೊನೆಭಾಗದ ಒಂದು ಊರಿನವರು ರಾತ್ರಿ ಬಂದು ಮೇಲಿನವರ ತೂಬು ಮುಚ್ಚುತ್ತಾರೆಂದೂ ಅವರಿಗೆ ನೀರಿನ ಸರದಿಯನ್ನೇ ಕೊಡಬಾರದೆಂದೂ ಇದೆ. ಅದೇ ಊರಿನಲ್ಲಿ ಅಪ್ಪ ಎಂಟು ವರ್ಷ ಪಾಠ ಮಾಡಿದ್ದರು. ಅವರ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿ, "ಮೇಷ್ಟ್ರು ನಮ್ಮ ಬಗ್ಗೆ ಹೀಗೆ ಬರೆದರೇ?" ಎಂದು ಕೇಳುತ್ತಿದ್ದಾರೆ. ನನ್ನಲ್ಲಿ ಉತ್ತರವಿಲ್ಲ.

ಹೋಲಿಸಲು ಎರಡು ಸಾಲು ಕೊಡುತ್ತೇನೆ. ಅಪ್ಪನದೇ ಎಂದು ಖಚಿತವಾಗಿರುವ ಸಾಲು: "ನೀರು ಬಿಟ್ಟ ಮೂರನೆಯ ದಿನ ನಮ್ಮ ತೂಬಿಗೆ ಬರುತ್ತಿತ್ತು, ಆದುದರಿಂದ ಎರಡನೆಯ ರಾತ್ರಿಯೇ ನಮ್ಮಪ್ಪ ಗುದ್ದಲಿಯನ್ನೂ ಲಾಟೀನನ್ನೂ ಹಿಡಿದು ಬದುವಿನ ಮೇಲೆ ಕಾಯಬೇಕೆಂದು ಹೊರಡುತ್ತಿದ್ದರು." ಅನುಮಾನದ ಸಾಲು: "ಸದರಿ ಗ್ರಾಮದವರು ರಾತ್ರಿ ವೇಳೆ ಗೇಟ್ ಬಂದ್ ಮಾಡಿ ನೀರು ಬಿಡುಗಡೆಗೆ ತೊಂದರೆ ಉಂಟುಮಾಡಿರುತ್ತಾರೆ, ಹಾಗಾಗಿ ಅವರಿಗೆ ಸರದಿ ಕೊಡಬಾರದು ಎಂದು ನನ್ನ ಅಭಿಪ್ರಾಯ ಆಗಿರುತ್ತದೆ." ಈ ಎರಡು ಪ್ಯಾರಾದ ಕೊನೆಯಲ್ಲಿಯೂ "ನೀರು ಕಂಡವರಿಗೆಲ್ಲ ನಮಸ್ಕಾರ" ಇದೆ.

ಬರೆದವರು ಯಾರೆಂದು ಪತ್ತೆ ಮಾಡುವುದು ನನ್ನ ಉದ್ದೇಶವಲ್ಲ. ಇದು ಅಪ್ಪ ಬರೆದದ್ದು ಹೌದೋ ಅಲ್ಲವೋ ಎಂಬುದನ್ನು ಬರವಣಿಗೆಯಿಂದಲೇ, ನಾಲ್ಕು ಜನ ಒಪ್ಪುವ ಹಾಗೆ ತೋರಿಸಬಹುದೇ?

ಉತ್ತರ 1 | ಕರಡು ತಿದ್ದುವವಳು, ಮೈಸೂರು

ನಿಮ್ಮ ತಂದೆಯವರು ಹೋದರೆಂದು ತಿಳಿದು ಸಂಕಟವಾಯಿತು. ನಾನು ಮೈಸೂರಿನ ಮುದ್ರಣಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳು. ನನ್ನ ಅನುಭವದಲ್ಲಿ ಲೇಖಕರ ಕೈ ಗೊತ್ತಾಗುವುದು ಅವರು ಆಯ್ದು ಬಳಸುವ ದೊಡ್ಡ ಮಾತುಗಳಿಂದಲ್ಲ, ಬಳಸುತ್ತಿದ್ದೇವೆಂದು ಅವರಿಗೇ ತಿಳಿಯದ ಸಣ್ಣ ಮಾತುಗಳಿಂದ.

ನೀವು ಕೊಟ್ಟಿರುವ ಎರಡು ಸಾಲನ್ನೇ ನೋಡಿ. "ಸದರಿ", "ಗೇಟ್" ಎಂಬ ಪದಗಳು ಥಟ್ಟನೆ ಕಣ್ಣಿಗೆ ಬೀಳುತ್ತವೆ. ಅವುಗಳ ಮೇಲೆ ಹೆಚ್ಚು ಭಾರ ಹಾಕಬೇಡಿ, ಏಕೆಂದರೆ ನಿಮ್ಮ ತಂದೆಯವರೂ ಯಾವುದೋ ಅರ್ಜಿಯ ಒಕ್ಕಣೆಯನ್ನು ನೆನಪಿಟ್ಟುಕೊಂಡು ಒಂದು ದಿನ "ಸದರಿ" ಎಂದು ಬರೆದಿರಬಹುದು. ಅವುಗಳ ಪಕ್ಕದಲ್ಲಿರುವುದನ್ನು ಗಮನಿಸಿ. ತಂದೆಯವರು "ಕಾಯಬೇಕೆಂದು" ಎಂದು ಸಂಧಿ ಮಾಡಿ ಬರೆಯುತ್ತಾರೆ. ಇನ್ನೊಂದರಲ್ಲಿ "ಕೊಡಬಾರದು ಎಂದು" ಎಂದು ಬಿಡಿಸಿದೆ. ತಂದೆಯವರು ಎರಡು ವಸ್ತುಗಳನ್ನು ಹೇಳುವಾಗ "ಗುದ್ದಲಿಯನ್ನೂ ಲಾಟೀನನ್ನೂ" ಎಂದು ಊ ಹಚ್ಚುತ್ತಾರೆ. ಆ ಎರಡು ಪ್ಯಾರಾಗಳಲ್ಲಿ "ಮತ್ತು" ಎಷ್ಟು ಸಲ ಬಂದಿದೆ ಎಂದು ಎಣಿಸಿ ನೋಡಿ. ಅವರದು "ಆದುದರಿಂದ", ಇದು "ಹಾಗಾಗಿ". ಎಲ್ಲಕ್ಕಿಂತ ಮುಖ್ಯವಾಗಿ "ಉಂಟುಮಾಡಿರುತ್ತಾರೆ", "ಆಗಿರುತ್ತದೆ" ಎಂಬ ಕ್ರಿಯಾಪದಗಳು ಕಚೇರಿಯ ಟಿಪ್ಪಣಿ, ದೂರು, ಮಹಜರು ಬರೆದು ಬರೆದು ಕೈಗೆ ಹತ್ತುವ ರೂಪಗಳು. "ಮಾಡಿದ್ದಾರೆ", "ಆಗಿದೆ" ಎಂದು ನಲವತ್ತು ವರ್ಷ ಮಕ್ಕಳಿಗೆ ತಿದ್ದಿಸಿದ ಮೇಷ್ಟ್ರ ಕೈಗೆ ಅವು ಸುಲಭವಾಗಿ ಬರುವುದಿಲ್ಲ. ಆದರೆ ಹೀಗೆ ಬರೆಯುವವರು ಜಿಲ್ಲೆಯಲ್ಲಿ ಸಾವಿರಾರು ಮಂದಿ ಇದ್ದಾರೆ. ಇದರಿಂದ ಬರೆದದ್ದು ಇಂಥವರು ಎಂದು ಬೆರಳು ತೋರಿಸಲು ಆಗದು. ನೀವು ಅದಕ್ಕೆ ಹೋಗದಿರುವುದೇ ಸರಿ.

ಒಮ್ಮೆ ತೀರಿಹೋದ ಲೇಖಕರೊಬ್ಬರ ಪ್ರಬಂಧ ಸಂಕಲನದ ಕರಡು ನೋಡುತ್ತಿದ್ದೆ. ಹನ್ನೆರಡು ಪ್ರಬಂಧಗಳಲ್ಲಿ ಅವರು "ಮುಂತಾದ" ಎಂದೇ ಬರೆದಿದ್ದರು. ಹದಿಮೂರನೆಯದರಲ್ಲಿ ಪುಟಕ್ಕೆ ಎರಡು ಸಲ "ಇತ್ಯಾದಿ" ಬಂದಿತ್ತು. ವಿಷಯ ಅವರದೇ, ಉದಾಹರಣೆಗಳೂ ಅವರವೇ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಬರೆದು ಮನೆಯವರಿಗೆ ಕಳುಹಿಸಿದೆ. ಅವರು ಹುಡುಕಿದಾಗ ತಿಳಿದದ್ದೇನೆಂದರೆ, ಅದು ಭಾಷಣವಾಗಿತ್ತು, ಶಿಷ್ಯರೊಬ್ಬರು ಕೇಳಿ ಬರೆದುಕೊಂಡಿದ್ದರು. ಸಂಕಲನದಲ್ಲಿ ಅದನ್ನು ಹಾಗೆಂದೇ ನಮೂದಿಸಿ ಅಚ್ಚು ಹಾಕಿದೆವು.

ಇನ್ನೊಂದು ಕೆಲಸ ಮಾಡಿ. ಬರಹವನ್ನು ಕಂಪ್ಯೂಟರಿಗೆ ಹಾಕಿಕೊಂಡು ಅನುಸ್ವಾರಗಳನ್ನು ಪರಿಶೀಲಿಸಿ. ಕೆಲವರು ಟೈಪ್ ಮಾಡಿದ ಬರಹದಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಬಂದಿರುತ್ತದೆ. "ನೀರಗಂಟಿ", "ನೀರಗ೦ಟಿ": ಕಣ್ಣಿಗೆ ಎರಡೂ ಒಂದೇ ತರಹ, ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರ. ಸೊನ್ನೆಯನ್ನೇ ಹುಡುಕು ಪೆಟ್ಟಿಗೆಗೆ ಹಾಕಿ ಹುಡುಕಿದರೆ ಸಿಕ್ಕಿಬೀಳುತ್ತದೆ. ಇದು ಶೈಲಿಯಲ್ಲ, ಟೈಪ್ ಮಾಡಿದ ಕೈಯ ಮತ್ತು ಕೀಲಿಮಣೆಯ ಗುರುತು. ಆದರೂ ಒಂದೇ ಬರಹ ಎರಡು ಕಡೆ ಟೈಪ್ ಆಗಿದೆಯೇ ಎಂಬುದನ್ನು ಹೇಳಿಬಿಡುತ್ತದೆ.

ಉತ್ತರ 2 | ತಾಳೆಗರಿ, ಸರಸ್ವತಿಪುರಂ

ಮೇಲಿನ ಸೋದರಿ ಹೇಳಿದ್ದು ಸರಿಯಾಗಿದೆ. ನಾನು ಹಸ್ತಪ್ರತಿಗಳ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ನಿಮ್ಮ ತಂದೆಯವರ "ನೀರು ಕಂಡವರಿಗೆಲ್ಲ ನಮಸ್ಕಾರ" ನಮ್ಮ ವಚನಗಳ ಅಂಕಿತದ ಹಾಗೆ ಕೆಲಸ ಮಾಡುತ್ತಿತ್ತು. ಕೂಡಲಸಂಗಮದೇವ ಎಂದು ಮುಗಿದರೆ ಬಸವಣ್ಣನವರದು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳದು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿಯದು ಎಂದು ಗುರುತಿಸುತ್ತೇವೆ. ಆದರೆ ಅಂಕಿತವನ್ನು ಯಾರು ಬೇಕಾದರೂ ತಂದು ಅಂಟಿಸಬಹುದು. ಒಂದೇ ವಚನ ಬೇರೆ ಬೇರೆ ಪ್ರತಿಗಳಲ್ಲಿ ಬೇರೆ ಬೇರೆ ಅಂಕಿತದೊಡನೆ ಸಿಗುವುದುಂಟು. ಸರ್ವಜ್ಞನ ಹೆಸರಿನಲ್ಲಿ ನಂತರದವರು ಕಟ್ಟಿ ಸೇರಿಸಿದ ತ್ರಿಪದಿಗಳು ಬೇಕಾದಷ್ಟಿವೆ. ಯಾರನ್ನಾದರೂ ಅನುಕರಿಸುವವನು ಮೊದಲು ಕದಿಯುವುದು ಎಲ್ಲರಿಗೂ ಕಾಣುವ ಗುರುತನ್ನೇ. ಆದ್ದರಿಂದ ಆ ನಮಸ್ಕಾರವನ್ನು ಪರ ವಿರೋಧ ಯಾವ ಕಡೆಗೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮೈಸೂರಿನವರಾದ ನಮಗೆ ಹತ್ತಿರದ ಉದಾಹರಣೆಯೊಂದಿದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಇಲ್ಲಿಂದಲೇ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು, ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಆಗ ಓರಿಯಂಟಲ್ ಲೈಬ್ರರಿ ಎಂದು ಕರೆಸಿಕೊಳ್ಳುತ್ತಿತ್ತು. ಅಷ್ಟು ದೊಡ್ಡ ಗ್ರಂಥವನ್ನು ಒಬ್ಬನೇ ಬರೆದನೇ ಎಂಬ ಚರ್ಚೆ ದಶಕಗಟ್ಟಲೆ ನಡೆಯಿತು. 1971ರಲ್ಲಿ ಥಾಮಸ್ ಟ್ರೌಟ್‌ಮನ್ ಎಂಬ ವಿದ್ವಾಂಸರು ಅದರ ರಾಜನೀತಿಯ ಹಿರಿಮೆಯನ್ನೆಲ್ಲ ಪಕ್ಕಕ್ಕಿಟ್ಟು, "ಚ", "ವಾ" ಮುಂತಾದ ಸಂಸ್ಕೃತದ ಪುಟ್ಟ ಅವ್ಯಯಗಳು ಎಲ್ಲೆಲ್ಲಿ ಎಷ್ಟೆಷ್ಟು ಬರುತ್ತವೆ ಎಂದು ಎಣಿಸಿದರು. ಗ್ರಂಥದ ಎಲ್ಲ ಭಾಗಗಳೂ ಒಂದೇ ಕೈಯವಲ್ಲ ಎಂಬ ತೀರ್ಮಾನಕ್ಕೆ ಬಂದರು. "ಮತ್ತು", "ಅಥವಾ" ಎನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲದ ಆ ಪದಗಳನ್ನು ಅನುಕರಣಕಾರರು ಸಾಮಾನ್ಯವಾಗಿ ನೆನಪಿಟ್ಟು ನಕಲು ಮಾಡುವುದಿಲ್ಲ ಎಂಬುದೇ ಈ ವಿಧಾನದ ಬಲ.

ಅಮೆರಿಕದಲ್ಲಿಯೂ ಇದೇ ದಾರಿ ಹಿಡಿದಿದ್ದರು. ಅಲ್ಲಿನ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ "ಪಬ್ಲಿಯಸ್" ಎಂಬ ಒಂದೇ ಹೆಸರಿನಲ್ಲಿ ಮೂವರು ಬರೆದ 85 ಲೇಖನಗಳಲ್ಲಿ 12ರ ಕರ್ತೃತ್ವ ಆ ಮೂವರಲ್ಲಿ ಹ್ಯಾಮಿಲ್ಟನ್ನರದೋ ಮ್ಯಾಡಿಸನ್ನರದೋ ಎಂಬ ವಿವಾದವಿತ್ತು. 1964ರಲ್ಲಿ ಮೋಸ್ಟೆಲರ್, ವ್ಯಾಲೇಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಅದನ್ನು ಬಿಡಿಸಿದ್ದು "ಅಪಾನ್" (upon, "ಮೇಲೆ") ಎಂಬಂಥ ಪದಗಳಿಂದ. ಹ್ಯಾಮಿಲ್ಟನ್ ಅದನ್ನು ಸಾವಿರ ಪದಕ್ಕೆ ಸುಮಾರು 3 ಸಲ ಬಳಸುತ್ತಿದ್ದರು. ಮ್ಯಾಡಿಸನ್ನರಲ್ಲಿ ಅದರ ಹತ್ತನೆಯ ಒಂದು ಪಾಲೂ ಇರಲಿಲ್ಲ. ವಿವಾದದ ಲೇಖನಗಳು ಮ್ಯಾಡಿಸನ್ನರ ಕಡೆಗೆ ವಾಲಿದವು.

ಇಷ್ಟು ಹೇಳಿದ ಮೇಲೆ ನಿಮ್ಮನ್ನು ಒಂದು ವಿಷಯದಲ್ಲಿ ಎಚ್ಚರಿಸಲೇಬೇಕು. ಒಬ್ಬನೇ ಲೇಖಕ ಕಥೆ ಹೇಳುವಾಗ ಒಂದು ರೀತಿ, ನಿಯಮ ಹೇಳುವಾಗ ಇನ್ನೊಂದು ರೀತಿ, ಜಗಳವಾಡುವಾಗ ಮತ್ತೊಂದು ರೀತಿ ಬರೆಯುತ್ತಾನೆ. ಅರ್ಥಶಾಸ್ತ್ರದ ಎಣಿಕೆಯ ಬಗ್ಗೆಯೂ, ವಿಷಯ ಬದಲಾದ್ದರಿಂದಲೇ ಶೈಲಿ ಬದಲಾಗಿರಬಾರದೇಕೆ ಎಂಬ ಪ್ರಶ್ನೆಯನ್ನು ಎತ್ತಬಹುದು. ನಿಮ್ಮ ಬರಹದಲ್ಲಿ ಏಳು ಪ್ಯಾರಾ ನೆನಪು, ಎರಡು ಪ್ಯಾರಾ ದೂರು. ದೂರನ್ನು ನೆನಪಿನ ಬರಹದ ಪಕ್ಕದಲ್ಲಿಟ್ಟು "ಶೈಲಿ ಬೇರೆ" ಎಂದರೆ, ಬಲ್ಲವರು ಯಾರೂ ಒಪ್ಪುವುದಿಲ್ಲ. ತಂದೆಯವರು ಸಿಟ್ಟಿನಿಂದ, ಬೇಸರದಿಂದ, ಯಾರನ್ನಾದರೂ ಪ್ರಶ್ನಿಸಿ ಬರೆದ ಬರಹಗಳನ್ನು ಹುಡುಕಿ ತೆಗೆಯಿರಿ. ಸಿಟ್ಟಿನಲ್ಲಿಯೂ ಅವರು "ಆದುದರಿಂದ" ಎಂದೇ ಬರೆದಿದ್ದರೆ, ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಉತ್ತರ 3 | ಗಂಗೋತ್ರಿಯ ಹಳೆಯ ವಿದ್ಯಾರ್ಥಿ

ನಾನು ಭಾಷಾ ತಂತ್ರಜ್ಞಾನದ ಕೆಲಸದಲ್ಲಿರುವವನು. ಈ ಬಗೆಯ ಎಣಿಕೆಯನ್ನು ನಾವು ಸ್ಟೈಲೋಮೆಟ್ರಿ ಎನ್ನುತ್ತೇವೆ. ಮೇಲಿನ ಇಬ್ಬರು ಹಿರಿಯರು ಹೇಳಿದ್ದನ್ನೇ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ಮಾಡುತ್ತದೆ, ಅಷ್ಟೆ.

ಇಂಗ್ಲಿಷಿಗೆ ಮಾಡಿದ ವಿಧಾನವನ್ನು ಕನ್ನಡಕ್ಕೆ ಹಾಗೆಯೇ ತಂದರೆ ಕೈಕೊಡುತ್ತದೆ. ಅಲ್ಲಿ ಬಿಡಿ ಪದವಾಗಿ ನಿಲ್ಲುವ ಎಷ್ಟೋ ಅಂಶಗಳು ನಮ್ಮಲ್ಲಿ ಪ್ರತ್ಯಯವಾಗಿ ಪದದ ಬಾಲಕ್ಕೆ ಅಂಟಿಕೊಂಡಿರುತ್ತವೆ. ಪದಗಳನ್ನು ಮಾತ್ರ ಎಣಿಸಿದರೆ "ಗುದ್ದಲಿಯನ್ನೂ", "ಲಾಟೀನನ್ನೂ" ಎಂಬುವು ಎರಡು ಸಂಬಂಧವಿಲ್ಲದ ಪದಗಳಾಗಿ ಕಾಣುತ್ತವೆ, ಅವೆರಡರ ಕೊನೆಯಲ್ಲಿರುವ "ನ್ನೂ" ತಪ್ಪಿಹೋಗುತ್ತದೆ. ಆದ್ದರಿಂದ ಕನ್ನಡದಲ್ಲಿ ಎರಡು ಮೂರು ಅಕ್ಷರಗಳ ತುಣುಕುಗಳನ್ನು ಎಣಿಸುವುದು ಲೇಸು: "ರುತ್ತದೆ", "ಬೇಕೆಂದು", "ಯನ್ನೂ" ಇಂಥವು. ಸಂಧಿ ಮಾಡುವ ಅಭ್ಯಾಸ, ಊ ಹಚ್ಚುವ ಅಭ್ಯಾಸ, "ಇರುತ್ತದೆ" ಎನ್ನುವ ಅಭ್ಯಾಸ, ಎಲ್ಲವೂ ಆ ಬಲೆಗೆ ಬೀಳುತ್ತವೆ.

ಎರಡನೆಯದಾಗಿ, ನಿಮ್ಮ ತಂದೆಯವರ ಬರಹದೊಡನೆ ಮಾತ್ರ ಹೋಲಿಸುವುದು ಸಾಲದು. 2013ರಲ್ಲಿ ರಾಬರ್ಟ್ ಗಾಲ್ಬ್ರೈತ್ ಎಂಬ ಹೆಸರಿನಲ್ಲಿ ಬಂದ ಪತ್ತೇದಾರಿ ಕಾದಂಬರಿಯನ್ನು ಬರೆದವರು ಜೆ.ಕೆ. ರೌಲಿಂಗ್ ಎಂಬ ಸುಳಿವು ಪತ್ರಿಕೆಯೊಂದಕ್ಕೆ ಸಿಕ್ಕಾಗ, ಪ್ಯಾಟ್ರಿಕ್ ಜುವೋಲಾ ಎಂಬ ಪ್ರಾಧ್ಯಾಪಕರು ಆ ಪುಸ್ತಕವನ್ನು ರೌಲಿಂಗರ ಬರಹದ ಜೊತೆಗೆ ಬೇರೆ ಲೇಖಕಿಯರ ಬರಹದೊಡನೆಯೂ ಹೋಲಿಸಿದರು. ಪದಗಳ ಉದ್ದ, ಅತಿ ಹೆಚ್ಚು ಬಳಕೆಯ ನೂರು ಪದಗಳು, ಅಕ್ಷರಗಳ ತುಣುಕು, ಪದಗಳ ಜೋಡಿ, ಹೀಗೆ ಬೇರೆ ಬೇರೆ ಅಳತೆಗಳನ್ನಿಟ್ಟು ನೋಡಿ, ರೌಲಿಂಗರೇ ಇರಬಹುದು ಎಂದಷ್ಟೇ ಹೇಳಿದರು. ಖಚಿತವಾದದ್ದು ಅವರೇ ಒಪ್ಪಿಕೊಂಡ ಮೇಲೆ. ನೀವೂ ಅದೇ ಗುಂಪಿನಲ್ಲಿ ಅದೇ ವಯಸ್ಸಿನ, ಅದೇ ವಿಷಯದ ಮೇಲೆ ಬರೆದ ನಾಲ್ಕೈದು ಜನರ ಬರಹವನ್ನು ಹೆಸರು ತೆಗೆದು ಪಕ್ಕಕ್ಕಿಟ್ಟುಕೊಳ್ಳಿ. "ಆದುದರಿಂದ" ಎಂದು ಮಂಡ್ಯದ ನಿವೃತ್ತ ಮೇಷ್ಟ್ರೆಲ್ಲರೂ ಬರೆಯುತ್ತಾರೆಂದಾದರೆ, ಅದು ಅವರ ತಲೆಮಾರಿನ ಗುರುತಾಯಿತೇ ಹೊರತು ನಿಮ್ಮ ತಂದೆಯವರದ್ದಾಗಲಿಲ್ಲ.

ಮೂರನೆಯದು, ಉದ್ದ. ಎರಡು ಪ್ಯಾರಾ ಎಂದರೆ ಇನ್ನೂರು ಪದ ಇರಬಹುದು. ಯಂತ್ರ ಗಟ್ಟಿಯಾಗಿ ಮಾತನಾಡಲು ಸಾವಿರಾರು ಪದ ಬೇಕು. ಇನ್ನೂರು ಪದಕ್ಕೆ ಯಾರಾದರೂ "ನೂರಕ್ಕೆ ತೊಂಬತ್ತೊಂಬತ್ತು ಖಚಿತ" ಎಂದು ಹೇಳಿದರೆ ನಂಬಬೇಡಿ.

ಕೊನೆಯದಾಗಿ, ಮೊಬೈಲ್ ಕೀಲಿಮಣೆ ಮುಂದಿನ ಪದವನ್ನು ತಾನೇ ಸೂಚಿಸುತ್ತದೆ, ಧ್ವನಿಯಿಂದ ಬರೆಸಿದಾಗ ಸಂಧಿಗಳು ಬಿಡಿಸಿಹೋಗಬಹುದು, ಈಗ ಎಐ ಕೈಯಲ್ಲಿ ತಿದ್ದಿಸಿದ ಬರಹವಂತೂ ಎಲ್ಲರದೂ ಒಂದೇ ಅಚ್ಚಿನಲ್ಲಿ ಬರುತ್ತದೆ. ತಂದೆಯವರ ಬರಹಗಳಲ್ಲಿ ಅವರೇ ಬೆರಳಿನಿಂದ ಟೈಪ್ ಮಾಡಿದವು ಯಾವುವು, ಇನ್ನೊಬ್ಬರಿಂದ ಮಾಡಿಸಿದವು ಯಾವುವು ಎಂದು ಮೊದಲು ಬೇರೆ ಮಾಡಿ. ಡೈರಿಯ ಕೈಬರಹವನ್ನು ಮೊಬೈಲ್ ಬರಹದೊಡನೆ ಬೆರೆಸಬೇಡಿ.

ಉತ್ತರ 4 | ವಕೀಲರು, ಮಂಡ್ಯ

ಕಾನೂನಿನ ಮಾತು ಸ್ವಲ್ಪವೇ ಇದೆ. ಶೈಲಿಯ ಹೋಲಿಕೆ ದಾರಿ ತೋರಿಸುತ್ತದೆ, ತಾನೊಂದೇ ತೀರ್ಪು ತರುವುದಿಲ್ಲ. ಅಮೆರಿಕದಲ್ಲಿ ವರ್ಷಗಟ್ಟಲೆ ಅಂಚೆ ಬಾಂಬ್ ಕಳುಹಿಸುತ್ತಿದ್ದ ಟೆಡ್ ಕಾಜಿನ್ಸ್ಕಿಯ ದೀರ್ಘ ಪ್ರಬಂಧ 1995ರಲ್ಲಿ ಪತ್ರಿಕೆಯಲ್ಲಿ ಅಚ್ಚಾದಾಗ, ಅದರಲ್ಲಿದ್ದ "ಕೂಲ್-ಹೆಡೆಡ್ ಲಾಜಿಶಿಯನ್ಸ್" (ತಣ್ಣನೆಯ ತಲೆಯ ತರ್ಕಿಗಳು) ಎಂಬಂಥ ಮಾತು ತನ್ನ ಅಣ್ಣನದೇ ಎಂದು ತಮ್ಮ ಗುರುತಿಸಿದರು. ಹಳೆಯ ಪತ್ರಗಳೊಡನೆ ಮಾಡಿದ ಹೋಲಿಕೆ ಶೋಧನಾ ವಾರಂಟ್ ಪಡೆಯಲು ನೆರವಾಯಿತು. 1996ರ ಏಪ್ರಿಲ್‌ನಲ್ಲಿ ಅವನ ಗುಡಿಸಲಿನಲ್ಲಿ ಸಿಕ್ಕ ವಸ್ತುಗಳು ಉಳಿದದ್ದನ್ನು ಹೇಳಿದವು.

ವಾಟ್ಸಾಪ್‌ನಲ್ಲಿ ಮುಂದಕ್ಕೆ ಕಳುಹಿಸಿದ ಸಂದೇಶದಲ್ಲಿ ಮೊದಲು ಬರೆದವರ ಹೆಸರು ಕಾಣುವುದಿಲ್ಲ. ಆದ್ದರಿಂದ ನಿಮ್ಮ ಕೈಗೆ ಬಂದ ಪ್ರತಿಯನ್ನು, ಬಂದ ದಿನಾಂಕ ಸಮೇತ, ಅಳಿಸದೆ ಫೋನಿನಲ್ಲಿಯೇ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಮಾತ್ರ ಸಾಲದು. ಮುಂದೆ ದೂರು ಕೊಡುವುದಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯೊಂದಿಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ತಂದೆಯವರ ಫೇಸ್‌ಬುಕ್ ಖಾತೆಯನ್ನು ಮುಚ್ಚಿಸುವ ಯೋಚನೆಯಿದ್ದರೆ ಸದ್ಯಕ್ಕೆ ಬಿಡಿ. ಅವರ ಕೈ ಯಾವುದೆಂದು ದಿನಾಂಕ ಸಮೇತ ಹೇಳುವ ದಾಖಲೆ ಅದೇ.

ಮತ್ತೆ | ನಾಲೆದಂಡೆ, ಮಂಡ್ಯ

ಎಲ್ಲರಿಗೂ ಕೃತಜ್ಞತೆಗಳು. ಹದಿನೈದು ದಿನ ಕುಳಿತು ನೀವು ಹೇಳಿದ ಹಾಗೆ ಮಾಡಿದೆ.

ಅಪ್ಪನ ಖಾತೆಯಲ್ಲಿ 63 ಬರಹಗಳಿವೆ. ಕೊನೆಯ ಆರು ತಿಂಗಳು ಕೈ ನಡುಗುತ್ತಿದ್ದುದರಿಂದ ನಾಲ್ಕು ಬರಹಗಳನ್ನು ಬಾಯಲ್ಲಿ ಹೇಳಿ ನನ್ನ ಮಗಳಿಂದ ಟೈಪ್ ಮಾಡಿಸಿದ್ದರು. ಅವುಗಳನ್ನು ಪಕ್ಕಕ್ಕಿಟ್ಟೆ. ಇಟ್ಟದ್ದು ಒಳ್ಳೆಯದಾಯಿತು, ಏಕೆಂದರೆ ಅವುಗಳಲ್ಲಿ ಎರಡು ಕಡೆ "ಹಾಗಾಗಿ" ಇದೆ. ಮಗಳನ್ನು ಕೇಳಿದರೆ, "ತಾತ ಆದುದರಿಂದ ಅಂದಿದ್ದರು, ನಾನೇ ಹಾಗಾಗಿ ಅಂತ ಹಾಕಿದೆ" ಎಂದಳು. ಉಳಿದ 59ರಲ್ಲಿ "ಹಾಗಾಗಿ" ಒಂದು ಸಲವೂ ಇಲ್ಲ, "ಆಗಿರುತ್ತದೆ" ಒಂದು ಸಲವೂ ಇಲ್ಲ.

ತಾಳೆಗರಿಯವರು ಹೇಳಿದ್ದರಿಂದ ಸಿಟ್ಟಿನ ಬರಹಗಳನ್ನು ಹುಡುಕಿದೆ. ಐದು ಸಿಕ್ಕಿದವು. ಕೆರೆ ಅಂಗಳದ ಒತ್ತುವರಿಯ ಬಗ್ಗೆ ಬರೆದಿರುವುದರಲ್ಲಿ ಅಪ್ಪನಿಗೆ ಬಹಳ ಕೋಪ ಬಂದಿದೆ, ವಾಕ್ಯಗಳು ತುಂಡು ತುಂಡಾಗಿವೆ, ಅದನ್ನು ನಾನು ಗಮನಿಸಿರಲೇ ಇಲ್ಲ. ಆದರೆ ಅಲ್ಲಿಯೂ "ಬಿಡಬಾರದೆಂದು", "ಕೇಳಬೇಕೆಂದು" ಎಂದು ಕೂಡಿಸಿಯೇ ಬರೆದಿದ್ದಾರೆ. ಊರಿನ ಇನ್ನೂ ಮೂವರು ನಿವೃತ್ತ ಮೇಷ್ಟ್ರ ಬರಹಗಳನ್ನು ಪಕ್ಕಕ್ಕಿಟ್ಟಾಗ, "ಆದುದರಿಂದ" ಅವರಲ್ಲಿಯೂ ಇಬ್ಬರಿಗೆ ರೂಢಿಯಲ್ಲಿದೆ. ಊ ಹಚ್ಚುವುದರಲ್ಲಿ ಮಾತ್ರ ಯಾರೂ ಅಪ್ಪನ ಹತ್ತಿರ ಬರುವುದಿಲ್ಲ.

ಸೊನ್ನೆಯನ್ನು ಹುಡುಕಿದೆ. ಕೊನೆಯ ಎರಡು ಪ್ಯಾರಾಗಳಲ್ಲಿ ಅನುಸ್ವಾರದ ಜಾಗದಲ್ಲಿ 9 ಕಡೆ ಸೊನ್ನೆ ಇದೆ. ಮೊದಲ ಏಳರಲ್ಲಿ ಒಂದೂ ಇಲ್ಲ, ಅಪ್ಪನ 63 ಬರಹಗಳಲ್ಲಿ ಎಲ್ಲಿಯೂ ಇಲ್ಲ. ಹುಡುಕುತ್ತಿರುವಾಗಲೇ ಇನ್ನೊಂದು ತಿಳಿಯಿತು: ಮೊದಲ ಏಳು ಪ್ಯಾರಾ ಒಂದೇ ಬರಹವಲ್ಲ, ಅಪ್ಪ ಬೇರೆ ಬೇರೆ ವರ್ಷ ಹಾಕಿದ್ದ ಮೂರು ಬರಹಗಳಿಂದ ಎತ್ತಿ ಜೋಡಿಸಿದ್ದು. ಮೂರೂ ಅವರ ಖಾತೆಯಲ್ಲಿ ದಿನಾಂಕ ಸಮೇತ ಇವೆ. ಮೂರರಲ್ಲಿಯೂ ಆ ಊರಿನ ಬಗ್ಗೆ ಒಂದು ಕೆಟ್ಟ ಮಾತಿಲ್ಲ.

ಇದೆಲ್ಲ ಮುಗಿದ ಮೇಲೆ ಅಮ್ಮನಿಗೆ ಒಂಬತ್ತು ಪ್ಯಾರಾವನ್ನೂ ಓದಿ ಹೇಳಿದೆ. ಎಂಟನೆಯದಕ್ಕೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು. "ನೀರು ಬಿಟ್ಟರು ಅಂತಾರೆ ನಿಮ್ಮಪ್ಪ. ನೀರು ಬಿಡುಗಡೆ ಅಂತ ಅವರ ಬಾಯಲ್ಲಿ ನಾನು ಕೇಳೇ ಇಲ್ಲ ಕಣೋ" ಎಂದರು. ನಾನು ತಿರುಗಿ ಹೋಗಿ ಹುಡುಕಿದೆ. 59 ಬರಹಗಳಲ್ಲಿ ಒಂದು ಕಡೆ "ಬಿಡುಗಡೆ" ಇದೆ. ಅದು ಪುಸ್ತಕ ಬಿಡುಗಡೆ.

ಈ ಭಾನುವಾರ ಅಮ್ಮನನ್ನು ಕರೆದುಕೊಂಡು ಆ ಊರಿಗೆ ಹೋಗುತ್ತಿದ್ದೇನೆ. ಅಪ್ಪನ ಮೂರು ಮೂಲ ಬರಹಗಳನ್ನೂ ಎಣಿಸಿದ ಪಟ್ಟಿಯನ್ನೂ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿದ್ದೇನೆ. ಫೋನ್ ಮಾಡಿದ್ದ ವಿದ್ಯಾರ್ಥಿಗಳು ಶಾಲೆಯ ಹತ್ತಿರ ಸೇರುತ್ತೇವೆಂದು ಹೇಳಿದ್ದಾರೆ.